‘ಲವ್ ಮಿ ಡು’ ಕೇಳುವ ಬಗೆ

ಬೀಟಲ್ಸ್ ತಂಡದ ಮೊದಲ ಸಿಂಗಲ್ ‘ಲವ್ ಮಿ ಡು’ 1962ರ ಅಕ್ಟೋಬರ್ 5ರಂದು ಪಾರ್ಲೊಫೋನ್ ಲೇಬಲ್‌ನಲ್ಲಿ ಬಿಡುಗಡೆಯಾಯಿತು. ಬ್ರಿಟನ್ನಿನ ಪಟ್ಟಿಯಲ್ಲಿ 17ನೇ ಸ್ಥಾನದವರೆಗೆ ಏರಿತು. ‘ಯೆಸ್ಟರ್‌ಡೇ’, ‘ಹೇ ಜೂಡ್’ ಕೇಳಿಯೇ ಬೀಟಲ್ಸ್ ಗೊತ್ತು ಎನ್ನುವವರು ಇದನ್ನು ಎಳಸು ಹಾಡೆಂದು ಪಕ್ಕಕ್ಕಿಡುತ್ತಾರೆ. ಸಾಹಿತ್ಯದಲ್ಲಿ ಹತ್ತಿಪ್ಪತ್ತು ಪದಗಳೂ ಇಲ್ಲ, ಗಿಟಾರಿಗೆ ಮೂರೇ ಕಾರ್ಡ್ ಎಂಬುದು ಅವರ ತಕರಾರು. ಲೆಕ್ಕ ಹಾಕುತ್ತ ಕೂತವರಿಗೆ ಹಾಡು ದಕ್ಕುವುದಿಲ್ಲ. ಈ ಹಾಡಿನ ಜೀವ ಇರುವುದು ಚರಣದ ಕೊನೆಯಲ್ಲಿ, ವಾದ್ಯಗಳೆಲ್ಲ ಸಟಕ್ಕನೆ ನಿಂತು ಒಂದು ದನಿ ಮಾತ್ರ ಉಳಿಯುವ ಜಾಗದಲ್ಲಿ. ಅದು ಕೇಳಿಸಿದರೆ ಉಳಿದದ್ದೆಲ್ಲ ತಾನಾಗಿ ಕೇಳಿಸುತ್ತದೆ.

ಎತ್ತುಗಡೆ ಜಾನ್ ಲೆನನ್ ನುಡಿಸುವ ಮೌತ್ ಆರ್ಗನ್‌ನದು. ಭಾರತದ ಕೇಳುಗರ ಕಿವಿಯಲ್ಲಿ ಮೌತ್ ಆರ್ಗನ್ ಎಂದರೆ 1958ರ ‘ಸೋಲ್ವಾ ಸಾಲ್’ ಚಿತ್ರದ ಹಾಡಿಗೆ ಆರ್.ಡಿ. ಬರ್ಮನ್ ನುಡಿಸಿದಂಥ ನಯವಾದ, ತೇಲುವ ನಾದ. ಲೆನನ್‌ನದು ಒರಟು, ಸ್ವರವನ್ನು ಜಗ್ಗಿ ಬಾಗಿಸುವ ಬಗೆ. ಇದರ ಪ್ರೇರಣೆ ಅಮೆರಿಕದ ಬ್ರೂಸ್ ಚಾನಲ್‌ನ ‘ಹೇ! ಬೇಬಿ’, ಅದರಲ್ಲಿ ಮೌತ್ ಆರ್ಗನ್ ನುಡಿಸಿದವನು ಡೆಲ್ಬರ್ಟ್ ಮೆಕ್ಲಿಂಟನ್. 1962ರ ಜೂನ್ 21ರಂದು ನ್ಯೂ ಬ್ರೈಟನ್ನಿನ ಒಂದೇ ವೇದಿಕೆಯಲ್ಲಿ ಭೇಟಿಯಾದಾಗ ಮೆಕ್ಲಿಂಟನ್ ಈ ವಿದ್ಯೆಯನ್ನು ಲೆನನ್‌ಗೆ ಕಲಿಸಿಕೊಟ್ಟ ಎಂಬ ಕಥೆ ಚಾಲ್ತಿಯಲ್ಲಿದೆ. ಅದಕ್ಕೆ ಎರಡು ವಾರ ಮೊದಲೇ, ಜೂನ್ 6ರಂದು, ಲಂಡನ್ನಿನ ಆ್ಯಬಿ ರಸ್ತೆಯ ಇಎಂಐ ಸ್ಟುಡಿಯೋದಲ್ಲಿ ಮಾಡಿದ ಧ್ವನಿಮುದ್ರಣದಲ್ಲಿ ಲೆನನ್‌ನ ಮೌತ್ ಆರ್ಗನ್ ಇದ್ದೇ ಇದೆ. ಕಥೆಯನ್ನು ನಂಬುವ ಬದಲು ಆ ಮುದ್ರಣವನ್ನು ಕೇಳುವುದು ಲೇಸು.

ಚರಣದಲ್ಲಿ ಇಬ್ಬರ ದನಿ ಜೊತೆಯಾಗಿ ಸಾಗುತ್ತದೆ: ಕೆಳಗೆ ಲೆನನ್, ಮೇಲೆ ಪಾಲ್ ಮೆಕಾರ್ಟ್ನಿ. ಬೇಡಿಕೊಳ್ಳುವ ಪದ ಬಂದಾಗ ಇಬ್ಬರೂ ಅದನ್ನು ಉದ್ದಕ್ಕೆ ಎಳೆಯುತ್ತಾರೆ. ಅಲ್ಲಿ ಲಯ ನಿಲ್ಲುತ್ತದೆ. ಡ್ರಮ್ ಇಲ್ಲ, ಬಾಸ್ ಇಲ್ಲ. ಆ ಖಾಲಿಯಲ್ಲಿ ಹಾಡಿನ ಹೆಸರಾದ ಮೂರು ಪದಗಳನ್ನು ಮೆಕಾರ್ಟ್ನಿ ಒಬ್ಬನೇ, ಮೇಲಿನ ಸ್ವರದಿಂದ ಕೆಳಗಿಳಿದು, ಹಾಡಬೇಕು. ಮೂರನೆಯ ಪದ ಮುಗಿಯುವ ಮೊದಲೇ ಮೌತ್ ಆರ್ಗನ್ ಅದರ ಮೇಲೆ ಬಂದು ಬೀಳುತ್ತದೆ.

ಮೊದಲು ಆ ಮೂರು ಪದ ಲೆನನ್‌ನ ಪಾಲಿನವು. ಜೂನ್ ತಿಂಗಳ ಮುದ್ರಣದ ಹೊತ್ತಿಗೆ ನಿರ್ಮಾಪಕ ಜಾರ್ಜ್ ಮಾರ್ಟಿನ್ ಎಡವಟ್ಟನ್ನು ಗುರುತಿಸಿದರು: ಕೊನೆಯ ಪದ ಹಾಡುವ ಬಾಯಿಯೇ ಅದೇ ಗಳಿಗೆಯಲ್ಲಿ ವಾದ್ಯವನ್ನೂ ಊದಬೇಕು. ಊದಲು ಹೋದರೆ ಪದ ಅರ್ಧಕ್ಕೆ ನುಂಗಿಹೋಗುತ್ತದೆ. ಹಾಗಾಗಿ ಸಾಲು ಅಲ್ಲಿಂದಲ್ಲೇ ಮೆಕಾರ್ಟ್ನಿಯ ಪಾಲಿಗೆ ಬಂತು. ಇನ್ನೂ ಇಪ್ಪತ್ತು ತುಂಬದ ಹುಡುಗ, ದೊಡ್ಡ ಕಂಪನಿಯ ಸ್ಟುಡಿಯೋ, ವಾದ್ಯಗಳೆಲ್ಲ ಸುಮ್ಮನಾಗುವ ಜಾಗ. ತನ್ನ ದನಿಯಲ್ಲಿನ ನಡುಕ ಈಗಲೂ ಕೇಳಿಸುತ್ತದೆ ಎಂದು ಮೆಕಾರ್ಟ್ನಿ ಮುಂದೆ ಹಲವು ಸಲ ಹೇಳಿಕೊಂಡಿದ್ದಾನೆ. ನಿಜಕ್ಕೂ ಕೇಳಿಸುತ್ತದೆ. ಕೇಳಬೇಕಾದದ್ದೇ ಅದು. ಪ್ರೀತಿಸು ಎಂದು ಕೇಳುವ ಹಾಡಿನಲ್ಲಿ ಕೇಳುವವನ ಗಂಟಲು ಒಣಗಿರುವುದು ಗೊತ್ತಾಗದಿದ್ದರೆ ಹಾಡು ಬರೀ ಶಿಷ್ಟಾಚಾರ. ಲೆನನ್ ಇದೇ ಸಾಲನ್ನು ಹಾಡಿದ್ದರೆ ಅದಕ್ಕೊಂದು ಠೇಂಕಾರ ಬರುತ್ತಿತ್ತು. ಈ ಅಂಜಿಕೆ ಬರುತ್ತಿರಲಿಲ್ಲ.

ಪಬ್‌ಗಳಲ್ಲಿ ಹಳೆಯ ಹಿಟ್‌ಗಳನ್ನು ಹಾಡುವ ತಂಡಗಳು ಕೆಡಿಸುವುದೂ ಇದೇ ಜಾಗವನ್ನು. ಡ್ರಮ್ಮರ್‌ಗೆ ಖಾಲಿ ಸಹಿಸುವುದಿಲ್ಲ, ಒಂದು ಉರುಳಿಕೆ ತುಂಬುತ್ತಾನೆ. ಗಾಯಕ ಮೈಕನ್ನು ಜನರತ್ತ ಚಾಚುತ್ತಾನೆ. ಜನ ಚಪ್ಪಾಳೆ ತಟ್ಟಿ ಕೂಗುತ್ತಾರೆ. ಒಬ್ಬನೇ ನಿಂತು ಬೇಡಬೇಕಾದ ಸಾಲು ಮುನ್ನೂರು ಜನರ ಗದ್ದಲವಾಗುತ್ತದೆ. ಅದನ್ನೇ ಮಜಾ ಎಂದು ಕರೆಯುವ ಶ್ರೋತೃಗಳಿಗೆ ಬೀಟಲ್ಸೇ ಬೇಕೆಂದಿಲ್ಲ, ಯಾವ ಹಾಡಾದರೂ ನಡೆಯುತ್ತದೆ.

ಈ ಹಾಡಿಗೆ ಮೂರು ಮುದ್ರಣಗಳಿವೆ, ಮೂರರಲ್ಲೂ ಡ್ರಮ್ಮರ್ ಬೇರೆ. ಜೂನ್ 6ರಂದು ಪೀಟ್ ಬೆಸ್ಟ್, ಸೆಪ್ಟೆಂಬರ್ 4ರಂದು ಆಗಷ್ಟೇ ತಂಡ ಸೇರಿದ್ದ ರಿಂಗೊ ಸ್ಟಾರ್, ಸೆಪ್ಟೆಂಬರ್ 11ರಂದು ಸ್ಟುಡಿಯೋದವರು ಕರೆಸಿದ್ದ ವೃತ್ತಿಪರ ವಾದಕ ಆ್ಯಂಡಿ ವೈಟ್. ಕೊನೆಯ ದಿನ ರಿಂಗೊ ಕೈಗೆ ಟ್ಯಾಂಬೊರಿನ್ ಕೊಟ್ಟು ಕೂರಿಸಿದರು. ಗುರುತು ಹಿಡಿಯುವುದು ಸುಲಭ: ಟ್ಯಾಂಬೊರಿನ್ ಕೇಳಿಸಿದರೆ ವೈಟ್, ಕೇಳಿಸದಿದ್ದರೆ ರಿಂಗೊ. ಬೆಸ್ಟ್ ನುಡಿಸಿದ್ದು ನಿಧಾನಗತಿಯದು. ನಡುವಿನ ಭಾಗಕ್ಕೆ ಬಂದಾಗ ಅವನು ನಡೆಯನ್ನೇ ಬದಲಿಸಿ ಕುಪ್ಪಳಿಸುತ್ತಾನೆ, ಲಯ ಜಾರುತ್ತದೆ. ಅದು 1995ರ ‘ಆ್ಯಂಥಾಲಜಿ 1’ರಲ್ಲಿ ಸಿಗುತ್ತದೆ. ರಿಂಗೊ ಮುದ್ರಣ ಮೊದಲ ಸಿಂಗಲ್‌ನಲ್ಲಿತ್ತು; ಅದರ ಮೂಲ ಟೇಪ್ ಉಳಿಯದ ಕಾರಣ 1988ರ ‘ಪಾಸ್ಟ್ ಮಾಸ್ಟರ್ಸ್’ಗೆ ಹಳೆಯ ಬಿಲ್ಲೆಯಿಂದಲೇ ಎತ್ತಬೇಕಾಯಿತು. ವೈಟ್ ಮುದ್ರಣ 1963ರ ‘ಪ್ಲೀಸ್ ಪ್ಲೀಸ್ ಮಿ’ ಆಲ್ಬಂ ಸೇರಿತು.

ಹೆಚ್ಚಿನವರು ಕೇಳಿರುವುದು ವೈಟ್ ನುಡಿಸಿದ್ದನ್ನು. ಅದು ಅಚ್ಚುಕಟ್ಟು, ಟ್ಯಾಂಬೊರಿನ್‌ನ ಝಣಝಣದಿಂದ ಮೈತುಂಬಿಕೊಂಡದ್ದು. ಆದರೂ ಆರಿಸಬೇಕಾದದ್ದು ರಿಂಗೊ ಮುದ್ರಣವನ್ನು. ಈ ಕೈಪಿಡಿ ಬರೆದವನ ಕಿವಿ ತೆರೆದದ್ದೂ ಎರಡನ್ನೂ ಕ್ಯಾಸೆಟ್‌ನಲ್ಲಿ ಒಂದರ ಹಿಂದೊಂದು ಕೇಳಿದಾಗ. ಟ್ಯಾಂಬೊರಿನ್ ಇಲ್ಲದ ಕಡೆ ಹಾಡಿನ ಸುತ್ತ ಗಾಳಿ ಇತ್ತು, ಲಯ ನಿಂತಾಗ ಪೂರ್ತಿ ನಿಂತಿತು, ಮೆಕಾರ್ಟ್ನಿಯ ದನಿ ಹತ್ತಿರ ಬಂತು. ಅಲ್ಲಿಯವರೆಗೆ ಅದು ರೇಡಿಯೊದಲ್ಲಿ ಹಾದುಹೋಗುತ್ತಿದ್ದ ಹಾಡುಗಳಲ್ಲಿ ಒಂದಾಗಿತ್ತು.

ಇದು ಸಿಂಗಲ್ ಆಗಿ ಬಂದದ್ದೇ ಹುಡುಗರ ಹಟದಿಂದ. ಮಾರ್ಟಿನ್ ಅವರ ಮನಸ್ಸಿದ್ದದ್ದು ಮಿಚ್ ಮರೆ ಬರೆದ ‘ಹೌ ಡು ಯು ಡು ಇಟ್’ ಮೇಲೆ. ಸೆಪ್ಟೆಂಬರ್ 4ರಂದು ತಂಡ ಅದನ್ನೂ ಹಾಡಿಕೊಟ್ಟಿತು, ಆದರೆ ತಮ್ಮದೇ ಹಾಡು ಬೇಕೆಂದು ಪಟ್ಟು ಹಿಡಿಯಿತು. ಮರೆಯ ಹಾಡನ್ನು ಜೆರಿ ಆ್ಯಂಡ್ ದ ಪೇಸ್‌ಮೇಕರ್ಸ್ ಹಾಡಿ 1963ರಲ್ಲಿ ಮೊದಲ ಸ್ಥಾನಕ್ಕೆ ಒಯ್ದರು. ಇಂದು ಅದನ್ನು ಹುಡುಕಿಕೊಂಡು ಹೋಗಿ ಕೇಳುವವರು ಬೀಟಲ್ಸ್ ಅಭಿಮಾನಿಗಳೇ.

ಮುಂದಿನ ಪ್ರಯೋಗಗಳಲ್ಲಿ 1963ರ ಜುಲೈನಲ್ಲಿ ಬಿಬಿಸಿಗಾಗಿ ನುಡಿಸಿದ್ದು ಕೇಳತಕ್ಕದ್ದು. ‘ಲೈವ್ ಅಟ್ ದ ಬಿಬಿಸಿ’ ಸಂಗ್ರಹದಲ್ಲಿದೆ. ಒಂಬತ್ತೇ ತಿಂಗಳಲ್ಲಿ ಅಂಜಿಕೆ ಮಾಯ, ಹಾಡು ಸಲೀಸು, ಅಷ್ಟರಮಟ್ಟಿಗೆ ಹಿಡಿತ ಕಡಿಮೆ. 2016ರಿಂದ ಮೆಕಾರ್ಟ್ನಿ ಇದನ್ನು ಮತ್ತೆ ವೇದಿಕೆಗೆ ತಂದ. ಎಪ್ಪತ್ತು ದಾಟಿದ ದನಿಯಲ್ಲಿ ಅದೇ ಸಾಲು ಬೇರೆ ಕಾರಣಕ್ಕೆ ನಡುಗುತ್ತದೆ, ಒಪ್ಪುತ್ತದೆ.

ಅಮೆರಿಕದಲ್ಲಿ ವೈಟ್ ಮುದ್ರಣ 1964ರ ಮೇ ಕೊನೆಯಲ್ಲಿ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನ ತಲುಪಿತು. ಅಷ್ಟರಲ್ಲಿ ಬೀಟಲ್ಸ್ ಹೆಸರಿದ್ದ ಏನೇ ಆದರೂ ಅಲ್ಲಿ ಮಾರಾಟವಾಗುತ್ತಿತ್ತು. 1982ರಲ್ಲಿ, ಇಪ್ಪತ್ತು ವರ್ಷ ತುಂಬಿದ ನೆಪದಲ್ಲಿ ಮರುಬಿಡುಗಡೆಯಾದಾಗ ಬ್ರಿಟನ್ನಿನಲ್ಲಿ 4ನೇ ಸ್ಥಾನಕ್ಕೆ ಬಂತು. ಸಿಂಗಲ್‌ನ ಹಿಂಬದಿಯಲ್ಲಿದ್ದ ‘ಪಿ.ಎಸ್. ಐ ಲವ್ ಯು’ ಹಿತವಾದ ಹಾಡು, ಒಮ್ಮೆ ಕೇಳಿದರೆ ಸಾಕು.

ಕೊಳ್ಳುವವರು ಮೋನೊ ಪ್ರತಿಯನ್ನೇ ಕೊಳ್ಳಬೇಕು. ಆಲ್ಬಂನ ಹಳೆಯ ಸ್ಟೀರಿಯೊ ಪ್ರತಿಗಳಲ್ಲಿರುವುದು ಮೋನೊ ಟೇಪನ್ನೇ ಸೀಳಿ, ಮಂದ್ರ ಸ್ವರಗಳನ್ನು ಒಂದು ಸ್ಪೀಕರಿಗೂ ತಾರ ಸ್ವರಗಳನ್ನು ಇನ್ನೊಂದಕ್ಕೂ ಹಂಚಿದ ಹುಸಿ ಸ್ಟೀರಿಯೊ. ಈ ಹಾಡಿಗೆ ನಿಜವಾದ ಸ್ಟೀರಿಯೊ ಮಿಶ್ರಣವನ್ನು ಆಗ ಮಾಡಿರಲೇ ಇಲ್ಲ.