ಮೇಷ್ಟ್ರ ಪ್ರಶ್ನೆ, ಮಗುವಿನ ಸುಳ್ಳು

ಜರ್ಮನ್ ದೇವತಾಶಾಸ್ತ್ರಜ್ಞ ಡೀಟ್ರಿಚ್ ಬೊನ್‌ಹೋಫರ್ ಎಂದರೆ ‘ಅಗ್ಗದ ಕೃಪೆ’ಯನ್ನು, ಅಂದರೆ ಪಶ್ಚಾತ್ತಾಪವಿಲ್ಲದ ಕ್ಷಮೆಯನ್ನು, ಖಂಡಿಸಿದವರು. ಪ್ರಸಂಗಪೀಠಗಳಲ್ಲಿ ಅವರ ಕೀರ್ತಿ ಇಷ್ಟಕ್ಕೇ ನಿಂತಿದೆ. ಆ ಮಾತಿರುವ 1937ರ ‘ನಾಖ್‌ಫೋಲ್ಗೆ’ (ಶಿಷ್ಯತ್ವ) ಪುಸ್ತಕದ ಮೊದಲ ಅಧ್ಯಾಯಕ್ಕೆ ಸಿಕ್ಕಿರುವ ಮನ್ನಣೆ ಅತಿಯಾಯಿತು. ಹಿಟ್ಲರನಿಗೆ ತಲೆಬಾಗಿದ ಕ್ರೈಸ್ತ ಸಭೆಯ ಎದುರು ಆಡಿದ ಮಾತು ಈಗ ಎಡವಿ ಬಿದ್ದವರನ್ನು ಗದರಿಸಲು ಬಳಕೆಯಾಗುತ್ತಿದೆ. ಆ ಪುಸ್ತಕದ ಅಪಾಯಗಳು ಈಗ ಕಾಣುತ್ತಿವೆ ಎಂದು 1944ರ ಜುಲೈ 21ರಂದು ಗೆಳೆಯ ಬೆಟ್ಗೆಗೆ ಲೇಖಕರೇ ಬರೆದಿದ್ದರು. ಬರೆದದ್ದನ್ನು ಹಿಂತೆಗೆದುಕೊಳ್ಳಲಿಲ್ಲ, ನಿಜ.

ಕೃಪೆ, ಸತ್ಯ ಎರಡನ್ನೂ ಬಲ್ಲ ಬೊನ್‌ಹೋಫರ್ ಸಿಗುವುದು ಬೇರೆಡೆ. ಬರ್ಲಿನ್ನಿನ ಟೇಗಲ್ ಸೆರೆಮನೆಯಲ್ಲಿ 1943ರಲ್ಲಿ ಬರೆಯುತ್ತಿದ್ದು, ಮುಗಿಯದೆ ಉಳಿದ ಪ್ರಬಂಧದಲ್ಲಿ. ಸತ್ಯ ನುಡಿಯುವುದೆಂದರೇನು ಎಂಬುದೇ ಅದರ ಪ್ರಶ್ನೆ.

ಅಲ್ಲೊಂದು ಉದಾಹರಣೆ ಬರುತ್ತದೆ. ನಿನ್ನ ಅಪ್ಪ ಕುಡಿದು ಮನೆಗೆ ಬರುತ್ತಾನಂತೆ, ಹೌದೇ ಎಂದು ಮೇಷ್ಟ್ರು ಇಡೀ ತರಗತಿಯ ಮುಂದೆ ಮಗುವನ್ನು ಕೇಳುತ್ತಾರೆ. ವಿಷಯ ನಿಜ. ಮಗು ಇಲ್ಲ ಎನ್ನುತ್ತದೆ. ಬೊನ್‌ಹೋಫರ್ ಇದು ಸುಳ್ಳೇ ಅಲ್ಲವೆಂದು ತೇಲಿಸಿಬಿಡುವುದಿಲ್ಲ. ಅನುಭವಸ್ಥರು ಸುಳ್ಳಾಡದೆಯೇ ಮೇಷ್ಟ್ರನ್ನು ತಿದ್ದುತ್ತಿದ್ದರು, ಮಗುವಿಗೆ ಆ ಜಾಣ್ಮೆಯಿಲ್ಲ ಎನ್ನುತ್ತಾರೆ. ಆದರೂ ಅಪ್ಪನ ದೌರ್ಬಲ್ಯವನ್ನು ಎಲ್ಲರೆದುರು ಒಪ್ಪಿಕೊಳ್ಳುವುದಕ್ಕಿಂತ ಆ ‘ಇಲ್ಲ’ದಲ್ಲಿ ಹೆಚ್ಚು ಸತ್ಯವಿದೆ, ಸುಳ್ಳಿನ ಹೊಣೆ ಕೇಳಿದವರಿಗೇ ಸೇರಬೇಕು. ಇಲ್ಲಿ ಸತ್ಯವನ್ನು ಒಂದಿಷ್ಟು ಇಳಿಸಿ ಕೃಪೆಯನ್ನು ಏರಿಸಿಲ್ಲ. ತಕ್ಕಡಿಯೇ ಇಲ್ಲ. ಮನೆಯ ಮಾನ ಕಾಯುವುದೂ ಸತ್ಯದೊಳಗೇ ಬರುತ್ತದೆ. ಯೋಹಾನನ ಸುವಾರ್ತೆಯ ಮೊದಲ ಅಧ್ಯಾಯವೂ ಕ್ರಿಸ್ತನಲ್ಲಿ ಕೃಪೆ, ಸತ್ಯ ಎರಡೂ ತುಂಬಿದ್ದವು ಎನ್ನುತ್ತದೆಯೇ ಹೊರತು ಅರ್ಧರ್ಧ ಇದ್ದವು ಎನ್ನುವುದಿಲ್ಲ.

ತನಿಖಾಧಿಕಾರಿಗಳಿಂದ ಹಿಟ್ಲರ್ ವಿರೋಧಿ ಸಂಗಾತಿಗಳ ಗುಟ್ಟನ್ನು ಮರೆಮಾಚಬೇಕಿದ್ದ ಕೈದಿಯ ಸ್ವಸಮರ್ಥನೆ ಇದು ಎಂದು ತಳ್ಳಿಹಾಕುವವರಿದ್ದಾರೆ. ಇದು ಸೋಮಾರಿ ಓದು. ಸ್ವಸಮರ್ಥನೆಯೇ ಗುರಿಯಾಗಿದ್ದರೆ ಮಗುವಿನ ಮಾತನ್ನು ಸುಳ್ಳೆಂದು ಒಪ್ಪಬೇಕಿರಲಿಲ್ಲ. ಈ ವಿಚಾರ ಸೆರೆಮನೆಯಲ್ಲಿ ಹುಟ್ಟಿದ್ದೂ ಅಲ್ಲ. ಸೆರೆಗೆ ಮುಂಚೆ ಅವರು ನಡೆಸಿದ, ಪಾದ್ರಿಗಳಿಗೆ ತರಬೇತಿ ಕೊಡುವ ಫಿಂಕನ್‌ವಾಲ್ಡೆ ಸೆಮಿನರಿಯಲ್ಲಿ ಆಗಲೇ ಒಂದು ನಿಯಮವಿತ್ತು: ಎದುರಿಗಿಲ್ಲದ ಸಹೋದರನ ಬಗ್ಗೆ ಮಾತಾಡಕೂಡದು, ಆಡಿದರೆ ಅವನಿಗೇ ಹೋಗಿ ತಿಳಿಸಬೇಕು. ಅಡಗಿದ ಗೆಳೆಯನ ಸುಳಿವು ಕೇಳಿದ ಕೊಲೆಗಾರನಿಗೂ ಸುಳ್ಳಾಡಬಾರದೆಂದು 1797ರಲ್ಲಿ ವಾದಿಸಿದ ತತ್ವಜ್ಞಾನಿ ಕಾಂಟ್‌ನ ಪಕ್ಷದವರಿಗೆ ಬೊನ್‌ಹೋಫರ್ ಸಡಿಲವಾಗಿ ಕಾಣುತ್ತಾರೆ. ನನಗೆ ಅವರೇ ಹೆಚ್ಚು ಬಿಗಿ. ಕಾಂಟ್ ಉತ್ತರ ಕೊಡುವವನನ್ನಷ್ಟೇ ಕಟಕಟೆಗೆ ಹತ್ತಿಸುತ್ತಾನೆ. ಬೊನ್‌ಹೋಫರ್ ಪ್ರಶ್ನೆ ಕೇಳುವವನನ್ನೂ ಹತ್ತಿಸುತ್ತಾರೆ.

ಕೊರತೆ ಇಲ್ಲದಿಲ್ಲ. ‘ನಿಮಗೆ ಕೇಳುವ ಹಕ್ಕಿಲ್ಲ’ ಎಂಬ ಮಾತು ಸಭೆಯ ಅಧಿಕಾರಸ್ಥರಿಗೆ ಸಿಕ್ಕರೆ ಅನ್ಯಾಯ ಮುಚ್ಚಿಡಲು ನೆಪವಾಗುತ್ತದೆ. ಪ್ರಬಂಧ ಇದನ್ನು ಸಾಕಷ್ಟು ಬಿಡಿಸಿ ಹೇಳುವುದಿಲ್ಲ. ಆದರೆ ಆ ತರಗತಿಯಲ್ಲಿ ಬಲ ಇದ್ದದ್ದು ಮೇಷ್ಟ್ರ ಕೈಯಲ್ಲಿ. ಬಲವುಳ್ಳವನೇ ಉತ್ತರ ಕೊಡಬೇಕಾದಾಗ ಅವನ ಬಾಯಿ ಬಿಡಿಸುವುದೇ ನೊಂದವರಿಗೆ ತೋರುವ ಕೃಪೆ.

ಬೊನ್‌ಹೋಫರ್ ಅವರನ್ನು ಓದಿಸುವವರು ಈ ಅಪೂರ್ಣ ಪ್ರಬಂಧದಿಂದಲೇ ಶುರುಮಾಡಲಿ. ಇದನ್ನು ಓದಿದ ಮೇಲೆ ‘ಅಗ್ಗದ ಕೃಪೆ’ ಎಂಬ ಮಾತನ್ನು ಇನ್ನೊಬ್ಬರ ಮೇಲೆ ಎಸೆಯುವುದು ಅಷ್ಟು ಸುಲಭವಾಗದು.