ಪೈನ್‌ಗೊಂದು ನಮಸ್ಕಾರ, ಹುಣಸೆಗೊಂದು ಕುಂಡ

ಬೋನ್ಸಾಯ್ ಕಲಿಯಬೇಕು ಅಂತ ಹೊರಟವರು ಮೊದಲು ಹುಡುಕೋದು ಪೈನ್ ಗಿಡ. ಸಹಜ ಬಿಡ್ರಿ. ಪುಸ್ತಕದ ಮುಖಪುಟದಲ್ಲೂ ವಿಡಿಯೋದ ಮೊದಲ ಫ್ರೇಮಿನಲ್ಲೂ ಇರೋದು ಅದೇ: ಬಾಗಿದ ಕಾಂಡ, ಮೋಡದ ಪದರದಂಥ ಕೊಂಬೆ, ಒಟ್ಟಾರೆ ಒಂದು ತ್ರಿಕೋನ. ಪೈನ್ ಮೇಲೆ ನನ್ನದೇನೂ ತಕರಾರಿಲ್ಲ. ತಕರಾರಿರೋದು ನಮ್ಮಲ್ಲಿ ಬೋನ್ಸಾಯ್ ಕಲಿಸುವ ರೀತಿಯ ಮೇಲೆ. ಮರ ನೋಡೋದನ್ನು ಕಲಿಸೋ ಮೊದಲೇ ಪೈನ್ ಆಕಾರ ನಕಲು ಮಾಡೋದನ್ನು ಕಲಿಸಿಬಿಡ್ತಾರೆ.

ಪೈನ್ ಘನತೆ ದೊಡ್ಡದು. 1945ರಲ್ಲಿ ಹಿರೋಶಿಮಾದ ಬಾಂಬಿಗೂ ಬಗ್ಗದೆ ಉಳಿದ ಒಂದು ಬಿಳಿ ಪೈನ್ ಬೋನ್ಸಾಯ್ ಅನ್ನು ಯಮಾಕಿ ಮನೆತನ 1976ರಲ್ಲಿ ಅಮೆರಿಕಕ್ಕೆ ಕೊಟ್ಟಿತು. ಅದು ಈಗ ವಾಷಿಂಗ್ಟನ್‌ನಲ್ಲಿದೆ. 1625ರಿಂದ ಅದನ್ನು ಬೋನ್ಸಾಯ್ ಆಗಿ ಬೆಳೆಸುತ್ತಾ ಬಂದಿದ್ದಾರಂತೆ. ಅಷ್ಟು ತಲೆಮಾರುಗಳು ಒಂದು ಗಿಡಕ್ಕೆ ತಪ್ಪದೆ ನೀರು ಹಾಕಿವೆ ಅಂದರೆ ಕೈ ಮುಗಿಯಬೇಕು.

ಆದರೆ ಪೈನ್ ಸವರುವ ನಿಯಮಗಳು ಜಪಾನಿನ ಋತುಗಳಿಗೆ ಬರೆದವು. ಕಪ್ಪು ಪೈನ್‌ನಲ್ಲಿ ವಸಂತಕ್ಕೆ ಮೇಣದ ಬತ್ತಿ ನಿಲ್ಲಿಸಿದ ಹಾಗೆ ಚಿಗುರು ಏಳುತ್ತೆ. ಬೇಸಿಗೆಯ ಶುರುವಿನಲ್ಲಿ ಅದನ್ನು ಕತ್ತರಿಸಿದರೆ ಇನ್ನೊಂದು ಚಿಗುರು ಬಂದು ಸೂಜಿ ಎಲೆ ಚಿಕ್ಕದಾಗುತ್ತೆ. ಆಮೇಲೆ ಚಳಿಗಾಲದ ನಿದ್ದೆ. ಒಂದು ಕೊಂಬೆಯಲ್ಲಿ ಹಸಿರು ಸೂಜಿ ಒಂದೂ ಉಳಿಯದ ಹಾಗೆ ಸವರಿದರೆ ಸಾಮಾನ್ಯವಾಗಿ ಆ ಕೊಂಬೆಯೇ ಒಣಗುತ್ತೆ. ಹುಣಸೆ, ಬಸರಿ ಹಾಗಲ್ಲ. ಬೋಳು ಕೊಂಬೆಯಿಂದಲೂ ಚಿಗುರುತ್ತವೆ. ಹೊಸಬರ ಕೈಗೆ ಯಾವ ಗಿಡ ಕೊಡಬೇಕು ಹೇಳಿ? ಬೇರೆ ಸರ್ವರಿಗೆ ಬರೆದ ಕಾನ್ಫಿಗ್ ಫೈಲನ್ನು ತಂದು ನಮ್ಮ ಮೆಷಿನ್ನಿಗೆ ಹಾಕಿ, ಕ್ರ್ಯಾಶ್ ಆದಾಗ ಮೆಷಿನ್ನಿಗೆ ಬೈದರೆ ಹೇಗೆ?

ಇನ್ನೂ ಬೇಜಾರಿನ ಮಾತು, ಹುಣಸೆಯನ್ನೇ ಪೈನ್ ಮಾಡೋದು. ತಂತಿ ಸುತ್ತಿ ಕೊಂಬೆಗಳನ್ನು ಕೆಳಕ್ಕೆ ಜಗ್ಗುತ್ತಾರೆ. ಪೈನ್ ಕೊಂಬೆ ಕೆಳಗೆ ಬಾಗೋದಕ್ಕೆ ವರ್ಷವರ್ಷ ಬೀಳುವ ಹಿಮದ ಭಾರ ಒಂದು ಕಾರಣ. ಯಲಬುರ್ಗಾದಲ್ಲಿ ಯಾವ ಹಿಮ ಬೀಳುತ್ತೆ ರೀ? ನಮ್ಮ ದಾರಿ ಬದಿಯ ಹಳೇ ಹುಣಸೆಮರ ನೋಡಿ: ಗಿಡ್ಡ ದಪ್ಪ ಬೊಡ್ಡೆ, ಮೇಲಕ್ಕೂ ಅಗಲಕ್ಕೂ ಹರಡಿದ ಕೊಂಬೆ, ದುಂಡನೆಯ ನೆತ್ತಿ. ಬಿಸಿಲಿಗೆ ಕೊಡೆ ಹಿಡಿದ ಆಕಾರ ಅದು. ಅದನ್ನು ಕುಂಡದಲ್ಲಿ ತೋರಿಸಿದರೆ ನೋಡಿದವರಿಗೆ ನೆರಳು ನೆನಪಾಗಬೇಕು.

ಸವರುವ ವಿದ್ಯೆಯೂ ನಮಗೆ ಹೊಸದಲ್ಲ. ಕುಷ್ಟಗಿ, ಯಲಬುರ್ಗಾ ಕಡೆ ದಾಳಿಂಬೆ ತೋಟದಲ್ಲಿ ಅದಕ್ಕೆ ಚಾಟ್ನಿ ಅಂತಾರೆ. ಮೊದಲು ನೀರು ಬಿಗಿ ಹಿಡಿದು ಗಿಡಕ್ಕೆ ವಿಶ್ರಾಂತಿ ಕೊಡಬೇಕು. ಮಸಾರಿ ಹೊಲದಲ್ಲಿ ಗಿಡ ಬೇಗ ಬಾಡುತ್ತೆ, ಎರಿ ಹೊಲದಲ್ಲಿ ತಡ. ಆ ಲೆಕ್ಕ ಗೊತ್ತಿರಬೇಕು. ಬೆಳಕು ಒಳಗೆ ಬೀಳುವ ಹಾಗೆ ಕೊಂಬೆ ತೆಗೆಯಬೇಕು. ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವಾಗ ಕತ್ತರಿಯನ್ನು ಔಷಧದಲ್ಲಿ ಅದ್ದಬೇಕು, ಇಲ್ಲವಾದರೆ ದುಂಡಾಣು ಅಂಗಮಾರಿ ಅದೇ ಕತ್ತರಿ ಹಿಡಿದು ತೋಟವೆಲ್ಲ ತಿರುಗುತ್ತೆ. ಈ ರೋಗಕ್ಕೆ ತೋಟಕ್ಕೆ ತೋಟವೇ ಕಿತ್ತು ಹಾಕಿದ ಊರು ನಮ್ಮವು. ಇಷ್ಟೆಲ್ಲ ಬಲ್ಲವರಿಗೆ ನಾವು ದಿನಗೂಲಿ ಕೊಟ್ಟು ಕಳಿಸ್ತೀವಿ. ಅದೇ ಕೆಲಸವನ್ನು ಸಿಟಿಯ ವೀಕೆಂಡ್ ವರ್ಕ್‌ಶಾಪಿನಲ್ಲಿ ಕಲೆ ಅಂತೀವಿ. ನನಗೆ ನೋವಾಗೋದು ಇಲ್ಲಿ.

ಆಡು ಮುಟ್ಟದ ಸೊಪ್ಪಿಲ್ಲ ಅಂತಾರಲ್ಲ, ನಮ್ಮ ಗುಡ್ಡದ ಮೊದಲ ಬೋನ್ಸಾಯ್ ಗುರು ಆಡೇ. ಅದು ಚಿಗುರು ಮೇದು ಮೇದು ಗಿಡ ಗಿಡ್ಡಗೆ, ಒತ್ತೊತ್ತಾಗಿ ಬೆಳೆಯುತ್ತೆ. ಎರಡನೇ ಗುರು ಆನೆಗೊಂದಿಯ ಬಂಡೆ. ಬಂಡೆ ಸಂದಿಯಲ್ಲಿ ಬೇರಿಳಿಸಿ ನಿಂತ ಅರಳಿ, ಬಸರಿ ನೋಡಿದರೆ 'ರೂಟ್ ಓವರ್ ರಾಕ್' ಶೈಲಿಗೆ ಬೇರೆ ಪಾಠ ಬೇಕಿಲ್ಲ. ಮೈಸೂರಿನ ಗಣಪತಿ ಸಚ್ಚಿದಾನಂದ ಆಶ್ರಮದ ಬೋನ್ಸಾಯ್ ತೋಟದ ಹೆಸರು 'ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ಉದ್ಯಾನ'. ಕಿಷ್ಕಿಂಧೆ ಅಂದರೆ ನಮ್ಮ ಗಂಗಾವತಿ ತಾಲೂಕಿನ ಆನೆಗೊಂದಿ ಅನ್ನೋದು ಜನರ ನಂಬಿಕೆ. ಅಂದರೆ ನಮ್ಮೂರಿನ ಹೆಸರು ಆಗಲೇ ಬೋನ್ಸಾಯ್ ಲೋಕಕ್ಕೆ ಬಂದಿದೆ. ನಮ್ಮೂರಿನ ಮರಗಳ ಆಕಾರವೂ ಬರಲಿ ಅನ್ನೋದಷ್ಟೇ ನನ್ನ ಬೇಡಿಕೆ.

ಬೋನ್ಸಾಯ್ ಅಂದರೆ ಮರಕ್ಕೆ ಹಿಂಸೆ ಅನ್ನೋರಿದ್ದಾರೆ. ಗಿಡದ ಗುಣ ತಿಳಿಯದೆ ಕತ್ತರಿ ಆಡಿಸಿದರೆ ಹೌದು, ಹಿಂಸೆಯೇ. ಅದಕ್ಕೇ ಹೊಸಬರಿಗೆ ನನ್ನ ಸಲಹೆ: ಹುಣಸೆ ಬೀಜ ಹಾಕಿ, ಇಲ್ಲವೇ ನರ್ಸರಿಯಿಂದ ಸಸಿ ತನ್ನಿ. ನೀರು ನಿಲ್ಲದ ಮಣ್ಣು, ದಿನಕ್ಕೆ ಐದಾರು ತಾಸು ಬಿಸಿಲು ಕೊಡಿ. ಕುಂಡ ಬದಲಿಸೋದು ಮುಂಗಾರಿನ ಹೊತ್ತಿಗೆ ಇರಲಿ. ಎಳೇ ಕೊಂಬೆಗೆ ಮಾತ್ರ ತಂತಿ ಸುತ್ತಿ, ತೊಗಟೆಗೆ ಕಚ್ಚುವ ಮೊದಲೇ ಬಿಚ್ಚಿ. ಮುಂದಿನ ಸಲ ಊರಿಗೆ ಹೋದಾಗ ಬಸ್ಸಿನ ಕಿಟಕಿ ಪಕ್ಕ ಕೂತು, ಫೋನ್ ಜೇಬಿಗಿಟ್ಟು, ದಾರಿಯ ಹುಣಸೆಮರಗಳನ್ನು ಒಂದೊಂದಾಗಿ ನೋಡಿ. ಕತ್ತರಿ ಆಮೇಲೆ ಕೊಂಡರಾಯಿತು.