ಗುರುಪರಂಪರೆಯ ಕಥನದಲ್ಲಿ ಸಂಗೀತಬೋಧಕಿಯ ಸ್ಥಾನ

ಗದಗು ಪ್ರಾಂತದ ಸಂಗೀತಚರಿತ್ರೆಯು ಸಾಮಾನ್ಯವಾಗಿ ಪಂಚಾಕ್ಷರಿ ಗವಾಯಿಗಳಿಂದ (1892-1944) ಮೊದಲಾಗಿ, ವೀರೇಶ್ವರ ಪುಣ್ಯಾಶ್ರಮದ ಮಾರ್ಗವಾಗಿ ಪುಟ್ಟರಾಜ ಗವಾಯಿಗಳವರೆಗೆ (1914-2010) ಸಾಗುತ್ತದೆ. ಅಂಧರಿಗೂ ಅನಾಥರಿಗೂ ವಿದ್ಯೆಯನ್ನೆರೆದ ಆ ಪರಂಪರೆಯ ಮಹತ್ತ್ವವು ನಿರ್ವಿವಾದವಾದುದು. ಆದರೆ ನಾಗಾವಿಯಂಥ ಊರುಗಳಲ್ಲಿ ಬೀಸುವ ಕಲ್ಲಿನ ಮುಂದೆ ತಾಯಿಯಿಂದ ಮಗಳಿಗೆ ಇಳಿದುಬಂದ ಹಾಡಿಕೆಯನ್ನು ಬೋಧನೆಯೆಂದು ಎಣಿಸುವ ವಾಡಿಕೆ ಆ ಚರಿತ್ರೆಗಿಲ್ಲ. ಶಿಕ್ಷಕರ ತರಬೇತಿ ವಿದ್ಯಾಲಯಗಳಲ್ಲಿ ಸಂಗೀತವನ್ನು ಕಲಿಸುವ ಸ್ತ್ರೀಯರ ಸ್ಥಾನವನ್ನು ನಿಷ್ಕರ್ಷಿಸುವವರು ಮೊದಲು ಈ ಲೋಪವನ್ನೇ ವಿಚಾರಿಸಬೇಕು.

ಗಂಗೂಬಾಯಿ ಹಾನಗಲ್ಲರ (1913-2009) ಜೀವನವು ಇದಕ್ಕೆ ಉತ್ತಮ ನಿದರ್ಶನ. ಅಬ್ದುಲ್ ಕರೀಂ ಖಾನರ ಶಿಷ್ಯರು ಸವಾಯಿ ಗಂಧರ್ವರು, ಅವರ ಶಿಷ್ಯೆ ಗಂಗೂಬಾಯಿ: ಕಿರಾಣಾ ಘರಾಣೆಯ ವಂಶಾವಳಿಯು ಇಷ್ಟನ್ನೇ ಹೇಳುತ್ತದೆ. ತಾಯಿ ಅಂಬಾಬಾಯಿಯವರು ಕರ್ನಾಟಕ ಸಂಗೀತದ ಗಾಯಕಿ. ಮಗಳ ಹಿಂದುಸ್ತಾನಿ ಅಭ್ಯಾಸಕ್ಕೆ ಭಂಗ ಬಾರದಿರಲೆಂದು ತಮ್ಮ ಹಾಡಿಕೆಯನ್ನೇ ತೊರೆದವರು. ಇದನ್ನು ಮಾತೃವಾತ್ಸಲ್ಯವೆಂದು ಕೊಂಡಾಡಿ ಮುಂದೆ ಸಾಗುವುದು ವಿಮರ್ಶೆಯ ಆಲಸ್ಯವೇ ಸರಿ. ಕಲಿಯುವವಳ ಕಿವಿಗೆ ಯಾವಾಗ ಏನು ಬೀಳಬೇಕು, ಏನು ಬೀಳಬಾರದು ಎಂಬುದನ್ನರಿತು ನಡೆದುಕೊಂಡದ್ದು ಬೋಧಕಳ ವಿವೇಕ. ಅದಕ್ಕೆ ತನ್ನ ಕಲೆಯನ್ನೇ ಬೆಲೆಯಾಗಿ ತೆತ್ತದ್ದು ಅದರ ದುರಂತ.

ಮಗಳ ಕಂಠವೂ ಒಂದು ಪಾಠವೇ ಆಗಿದೆ. ಗಂಟಲಿನ ಬೇನೆ ಮತ್ತು ಚಿಕಿತ್ಸೆಯ ತರುವಾಯ ಅವರ ಧ್ವನಿ ಗಡುಸಾಯಿತು. ಆ ಗಂಭೀರ ನಾದದಲ್ಲಿಯೇ ಅವರು ಕೀರ್ತಿಯನ್ನು ಪಡೆದರು. ಹೆಣ್ಣಿನ ಕಂಠವು ಇಂಪಾಗಿ, ತೆಳುವಾಗಿ, ಎತ್ತರವಾಗಿರತಕ್ಕದ್ದೆಂಬ ನಂಬಿಕೆ ಅಲ್ಲಿಗೆ ಮುರಿಯಿತು. ಪ್ರತಿಯೊಬ್ಬರ ಕಂಠಕ್ಕೂ ಅದರದೇ ಶ್ರುತಿಯನ್ನು ಹುಡುಕಿಕೊಡಬೇಕಾದ ಭಾವೀ ಶಿಕ್ಷಕಿಗೆ ಇದಕ್ಕಿಂತ ಉಪಯುಕ್ತವಾದ ದೃಷ್ಟಾಂತ ವಿರಳ.

ಸಾಹಿತ್ಯಬೋಧಕರೂ ಈ ವಿಷಯದಲ್ಲಿ ನಿರ್ದೋಷಿಗಳಲ್ಲ. ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಸಂಕಲನವನ್ನು ಪ್ರಕಟಿಸಿದಂದಿನಿಂದ ಸ್ತ್ರೀಯರ ತ್ರಿಪದಿಗಳು ಪಠ್ಯಗಳಾದುವು. ಅಂಶಗಣಗಳನ್ನು ಎಣಿಸಿ ಪದ್ಯವನ್ನು ಒಪ್ಪಿಸುವ ತರಗತಿಯು ಅದರ ಧಾಟಿಯನ್ನು ಕೇಳದಿದ್ದರೆ, ಹಾಡಿನ ಅರ್ಧವನ್ನು ಮಾತ್ರ ಕಲಿಸಿದಂತಾಗುವುದು. ಆ ಧಾಟಿಯನ್ನು ಬಲ್ಲವಳೇ ಅಲ್ಲಿ ಗುರು.

ಮನೆಯ ಪಾಠವು ಕಾಲಮಿತಿಯುಳ್ಳ ತರಗತಿಗೆ ಒಗ್ಗದೆಂಬ ಆಕ್ಷೇಪವು ಯುಕ್ತವಾದುದೇ. ಕುಂದಗೋಳದಲ್ಲಿ ಸವಾಯಿ ಗಂಧರ್ವರ ಬಳಿ ನಡೆದ ದೀರ್ಘಸಾಧನೆಯನ್ನು ಎರಡು ವರ್ಷದ ತರಬೇತಿಗೆ ಇಳಿಸಲಾಗದು. ಆದರೆ ತರಬೇತಿ ವಿದ್ಯಾಲಯದ ಗುರಿ ಕಛೇರಿಯಲ್ಲ. ಮಕ್ಕಳೊಡನೆ ಹಾಡಬಲ್ಲ, ಕೇಳಿ ತಿದ್ದಬಲ್ಲ ಶಿಕ್ಷಕರ ನಿರ್ಮಾಣವೇ ಅದರ ಗುರಿ. 2014ರ ರಾಷ್ಟ್ರೀಯ ಬಿ.ಎಡ್. ಪಠ್ಯಕ್ರಮವು ನಾಟಕ ಮತ್ತು ಕಲೆಗಳಿಗೆ ಪ್ರತ್ಯೇಕ ಸ್ಥಾನವನ್ನಿತ್ತುದು ಈ ದೃಷ್ಟಿಗೆ ಅನುಕೂಲವಾಗಿದೆ.

ಆದರೂ ಒಂದು ಎಚ್ಚರಿಕೆ ಅವಶ್ಯ. ಸ್ತ್ರೀಯು ಸ್ವಭಾವತಃ ಕೋಮಲಳಾದುದರಿಂದ ಮಕ್ಕಳಿಗೆ ಹಾಡು ಕಲಿಸಲಿ ಎಂಬ ವಾದವು ಗೌರವದ ವೇಷದಲ್ಲಿ ಬರುವ ಅನಾದರವೇ ಆಗಿದೆ. ಅದು ಆಕೆಯ ವಿದ್ಯೆಯನ್ನು ಗುಣವೆಂದು ಕರೆದು ವಿದ್ಯೆಯ ಮನ್ನಣೆಯನ್ನು ತಪ್ಪಿಸುತ್ತದೆ. ಗಂಗೂಬಾಯಿಯವರು ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಗೌರವ ಪ್ರಾಧ್ಯಾಪಕರಾದುದು ಅಭ್ಯಾಸದ ಬಲದಿಂದಲೇ ಹೊರತು ಕೋಮಲತೆಯಿಂದಲ್ಲ. ಅಂಬಾಬಾಯಿಯವರ ಹೆಸರು ಗುರುಪರಂಪರೆಯ ಮೊದಲ ಸಾಲಿನಲ್ಲಿ ಬರೆಯಲ್ಪಡುವವರೆಗೆ ಆ ಪರಂಪರೆಯ ಚರಿತ್ರೆಯು ಅಪೂರ್ಣವೆಂದೇ ಎಣಿಸತಕ್ಕದ್ದು.